ಉದಾರವಾದಿ ಮುಸ್ಲಿಂ ವಿದ್ವಾಂಸರನ್ನು ಓದಬೇಕೆಂದರೆ ಯಾರಿಂದ ಆರಂಭಿಸಬೇಕು?

ಫಜಲುರ್ ರಹಮಾನ್ (1919–1988) ಅವರಿಂದ ಆರಂಭಿಸಿ. ತಮ್ಮ ವಿಚಾರಗಳಿಗೆ ಸಂಪ್ರದಾಯಸ್ಥರಿಂದ ಬಂದ ವಿರೋಧದಿಂದಾಗಿ 1968ರಲ್ಲಿ ಪಾಕಿಸ್ತಾನದ ಇಸ್ಲಾಮಿಕ್ ಸಂಶೋಧನಾ ಸಂಸ್ಥೆಯನ್ನು ಬಿಟ್ಟು, ಮುಂದೆ ಷಿಕಾಗೊದಲ್ಲಿ ಪಾಠ ಹೇಳಿದ ಅವರ ‘ಇಸ್ಲಾಂ ಅಂಡ್ ಮಾಡರ್ನಿಟಿ’ (1982) ಚಿಕ್ಕ ಪುಸ್ತಕವಾದರೂ ಅವಸರದಲ್ಲಿ ಓದಿ ಮುಗಿಸುವಂಥದ್ದಲ್ಲ.

ಈ ಪರಂಪರೆಯ ಬಹುಪಾಲು ವಿದ್ವಾಂಸರು ಧರ್ಮಗ್ರಂಥವನ್ನು ಬದಿಗಿಡುವುದಿಲ್ಲ. ಒಂದು ವಾಕ್ಯ ಅಂದಿನ ಯಾವ ಸಮಸ್ಯೆಗೆ ಉತ್ತರವಾಗಿತ್ತೆಂದು ಗುರುತಿಸಿ, ಅದರ ಹಿಂದಿನ ನೈತಿಕ ಆಶಯವನ್ನು ಇಂದಿಗೆ ಅನ್ವಯಿಸುತ್ತಾರೆ. ಬಹುಪತ್ನಿತ್ವವನ್ನೇ ನೋಡಿ. ಕುರ್‌ಆನಿನ 4:3 (4ನೇ ಅಧ್ಯಾಯದ 3ನೇ ವಾಕ್ಯ) ಅನಾಥರಿಗೆ ನ್ಯಾಯ ದೊರಕಿಸುವ ಸಂದರ್ಭದಲ್ಲಿ ನಾಲ್ವರವರೆಗೆ ಅನುಮತಿಸಿ, ಸಮಾನವಾಗಿ ನಡೆಸಿಕೊಳ್ಳಲಾಗದೆಂಬ ಭಯವಿದ್ದರೆ ಒಬ್ಬಳೇ ಸಾಕೆನ್ನುತ್ತದೆ; 4:129 ಹೆಂಡಂದಿರ ನಡುವೆ ಪೂರ್ಣ ನ್ಯಾಯ ನಿಮ್ಮಿಂದ ಆಗದೆಂದೇ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಓದಿದ ರಹಮಾನ್, ಗ್ರಂಥದ ಒಲವು ಏಕಪತ್ನಿತ್ವದ ಕಡೆಗಿದೆ ಎಂದರು. ಸಂಪ್ರದಾಯಸ್ಥ ವ್ಯಾಖ್ಯಾನಕಾರರು ಇದನ್ನು ಒಪ್ಪುವುದಿಲ್ಲ; ಅವರ ವಾದವನ್ನೂ ಪಕ್ಕದಲ್ಲಿಟ್ಟುಕೊಂಡು ಓದುವುದು ಒಳ್ಳೆಯದು.

ಆಮೇಲೆ, ಕುರ್‌ಆನನ್ನು ಮಹಿಳೆಯ ದೃಷ್ಟಿಯಿಂದ ಓದಿದ ಅಮೆರಿಕದ ವಿದ್ವಾಂಸೆ ಆಮಿನಾ ವದೂದ್ ಅವರ ‘ಕುರ್‌ಆನ್ ಅಂಡ್ ವುಮನ್’ (1992) ಓದಿ. ಭಾರತದ ಸಂದರ್ಭಕ್ಕೆ, ಬೋಹ್ರಾ ಸಮುದಾಯದ (ಶಿಯಾ ಮುಸ್ಲಿಮರ ಒಂದು ಪಂಗಡ) ಸುಧಾರಣಾ ಚಳವಳಿಯಲ್ಲಿದ್ದ ಅಸ್ಗರ್ ಅಲಿ ಇಂಜಿನಿಯರ್ (1939–2013) ಹೆಚ್ಚು ಹತ್ತಿರವಾಗುತ್ತಾರೆ, ಅವರ ಭಾಷೆಯೂ ಸರಳ.