ಕಾಣೆಯಾದ ಲೂಪ್

ಪ್ರಶ್ನೆ: ನಾನು ಸಿ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಪ್ರೊಸೆಸರಿನ ಆದೇಶಗಳನ್ನೇ ಒಂದೊಂದಾಗಿ ಬರೆಯುವ ಅಸೆಂಬ್ಲಿ ಭಾಷೆಯಲ್ಲಿ ಬರೆದರೆ ಪ್ರೋಗ್ರಾಂ ಎಷ್ಟೋ ಪಟ್ಟು ಜೋರಾಗಿ ಓಡುತ್ತದೆ, ಸಿ ಎಲ್ಲ ಸುಮ್ನೆ ಟೈಮ್ ವೇಸ್ಟ್ ಅಂತ ಗೆಳೆಯ ರೇಗಿಸುತ್ತಾನೆ. ಸಿ ಬಿಟ್ಟು ಅಸೆಂಬ್ಲಿ ಹಿಡಿಯಲಾ ಸರ್?
– ಒಬ್ಬ ವಿದ್ಯಾರ್ಥಿ

ಉತ್ತರ: ಬಿಡಬೇಡಿ. ನಿಮ್ಮ ಗೆಳೆಯನ ಮಾತು ಹಳೇ ಕಾಲದ್ದು. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ಎಂಬ ಭಾಷೆ ತಂದಾಗಲೂ ಅನುಮಾನ ಇದೇ ಇತ್ತು: ಕೈಯಲ್ಲಿ ಬರೆದಷ್ಟು ಚುರುಕಾದ ಕೋಡನ್ನು ಯಂತ್ರ ಬರೆದೀತೇ?

ಈಗಂತೂ ನಾವು ಬರೆದ ಸಿಯನ್ನು ಯಂತ್ರದ ಆದೇಶಗಳಾಗಿ ತಿರುಗಿಸುವ ಕಂಪೈಲರ್ ನಮಗಿಂತ ಕಿಲಾಡಿ. ಒಂದು ಸಂಖ್ಯೆಯನ್ನು 10ರಿಂದ ಭಾಗಿಸಲು ಸಿಯಲ್ಲಿ ಬರೆದಿರಿ ಅಂದುಕೊಳ್ಳಿ. ಭಾಗಾಕಾರ ಪ್ರೊಸೆಸರಿಗೆ ನಿಧಾನದ ಕೆಲಸ. ಹಾಗಾಗಿ ಕಂಪೈಲರ್ ಭಾಗಿಸುವುದೇ ಇಲ್ಲ! ಯಾವುದೋ ದೊಡ್ಡ ಸಂಖ್ಯೆಯಿಂದ ಗುಣಿಸಿ, ಬಂದದ್ದರ ಬಿಟ್‌ಗಳನ್ನು ಬಲಕ್ಕೆ ಸರಿಸಿಬಿಡುತ್ತದೆ. ಉತ್ತರ ಮಾತ್ರ ಸರಿಯಾಗೇ ಇರುತ್ತದೆ. ನನ್ನ ಕೈಗೆ ಬಿಟ್ಟಿದ್ದರೆ ಈ ಉಪಾಯ ಹೊಳೆಯುತ್ತಲೇ ಇರಲಿಲ್ಲ.

ಹಾಗಂತ ಅಸೆಂಬ್ಲಿ ಬೇಡವೇ ಬೇಡ ಅಂತಲ್ಲ. ನನಗೆ ಅದರ ಬೆಲೆ ಗೊತ್ತಾದದ್ದು ಒಂದು ಎಲ್‌ಇಡಿಯಿಂದ. 8051 ಎಂಬ ಪುಟ್ಟ ಕಂಪ್ಯೂಟರ್ ಚಿಪ್‌ನಲ್ಲಿ ದೀಪ ಮಿನುಗಿಸಬೇಕಿತ್ತು. ಹತ್ತಿಸು, ಕಾಯಿ, ಆರಿಸು, ಕಾಯಿ. ಅಷ್ಟೇ. ಕಾಯಲು ಸಿಯಲ್ಲಿ ಒಂದು ಖಾಲಿ ಲೂಪ್ (ಸುಮ್ನೆ ಎಣಿಸುತ್ತಾ ಸುತ್ತುವ ಕೋಡ್) ಬರೆದೆ, ಕೋಡನ್ನು ಚುರುಕುಗೊಳಿಸುವ ಆಪ್ಟಿಮೈಸೇಶನ್ ಆನ್ ಮಾಡಿದೆ. ದೀಪ ಮಿನುಗಲಿಲ್ಲ, ಒಂದೇ ಸಮನೆ ಉರಿಯಿತು. ವೈರ್ ಬದಲಿಸಿದೆ, ಎಲ್‌ಇಡಿ ಬದಲಿಸಿದೆ, ಚಿಪ್‌ಗೂ ಬೈದದ್ದಾಯಿತು. ಕೊನೆಗೆ ಕಂಪೈಲರ್ ಹೊರಡಿಸಿದ ಅಸೆಂಬ್ಲಿ ತೆರೆದು ನೋಡಿದರೆ ನನ್ನ ಲೂಪೇ ಇಲ್ಲ! ಒಳಗೆ ಏನೂ ಕೆಲಸವಿಲ್ಲದ ಲೂಪ್ ಯಾಕೆ ಬೇಕು ಅಂತ ಅದು ಅಳಿಸಿಹಾಕಿತ್ತು. ದೀಪ ಮಿನುಗುತ್ತಲೇ ಇತ್ತು, ಕಣ್ಣಿಗೆ ಕಾಣದಷ್ಟು ಬೇಗ ಬೇಗ. ಎಣಿಸುವ ವೇರಿಯಬಲ್‌ಗೆ 'ವೊಲಟೈಲ್' (ಇದರ ಓದು-ಬರಹ ಅಳಿಸಬೇಡ ಅಂತ ಕಂಪೈಲರ್‌ಗೆ ಹೇಳುವ ಪದ) ಅಂತ ಸೇರಿಸಿದ ಮೇಲೆ ಲೂಪ್ ವಾಪಸ್ ಬಂತು.

ಅದೇ ಕೆಲಸ ಅಸೆಂಬ್ಲಿಯಲ್ಲಾದರೆ ಲೆಕ್ಕ ಚೊಕ್ಕ. ಚಿಪ್‌ಗೆ ತಾಳ ಕೊಡುವ 12 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದ ಹಳೇ 8051ರಲ್ಲಿ ಒಂದು ಮಷೀನ್ ಸೈಕಲ್ (ಚಿಪ್‌ನ ಕೆಲಸದ ಒಂದು ಹೆಜ್ಜೆ) ಅಂದರೆ ಸರಿಯಾಗಿ 1 ಮೈಕ್ರೋಸೆಕೆಂಡ್. 'ಒಂದು ಕಳೆ, ಸೊನ್ನೆ ಆಗದಿದ್ದರೆ ಮತ್ತೆ ಬಾ' ಎನ್ನುವ ಡಿಜೆಎನ್‌ಜೆಡ್ ಆದೇಶಕ್ಕೆ 2 ಸೈಕಲ್. 250 ಸಲ ಸುತ್ತಿಸಿದರೆ 500 ಮೈಕ್ರೋಸೆಕೆಂಡ್. ಬೆರಳು ಮಡಚಿ ಹೇಳಬಹುದು.

ಆದರೆ ಆ ಕೋಡ್ ಬೇರೆ ಜಾತಿಯ ಚಿಪ್‌ಗೆ ಹೋಗುವುದಿಲ್ಲ, ಮೊದಲಿಂದ ಬರೆಯಬೇಕು. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕೂಡ 1969ರಲ್ಲಿ ಹುಟ್ಟಿದ್ದು ಅಸೆಂಬ್ಲಿಯಲ್ಲೇ. 1973ರಲ್ಲಿ ಅದನ್ನು ಸಿಗೆ ತಿರುಗಿಸಿದ ಮೇಲೆಯೇ ಬೇರೆ ಬೇರೆ ಯಂತ್ರಗಳಿಗೆ ಒಯ್ಯುವುದು ಸುಲಭವಾಯಿತು. ಈಗ ಕೈಯಲ್ಲಿ ಅಸೆಂಬ್ಲಿ ಬರೆಯುವವರು ಜಾಸ್ತಿ ಇಲ್ಲ. ಆಪರೇಟಿಂಗ್ ಸಿಸ್ಟಂ ಒಂದು ಕೆಲಸದಿಂದ ಇನ್ನೊಂದಕ್ಕೆ ಜಿಗಿಯುವ ಜಾಗ, ಕುಗ್ಗಿಸಿಟ್ಟ ವಿಡಿಯೋ ಬಿಚ್ಚುವ ಕೋಡ್, ಹೀಗೆ ಅಲ್ಲೊಂದು ಇಲ್ಲೊಂದು.

ಆದ್ದರಿಂದ ಬರೆಯುವುದು ಸಿಯಲ್ಲೇ ಇರಲಿ, ಅಸೆಂಬ್ಲಿ ಓದಲು ಕಲಿಯಿರಿ. 10ರಿಂದ ಭಾಗಿಸುವ ಪುಟ್ಟ ಫಂಕ್ಷನ್ ಬರೆದು, ಜಿಸಿಸಿ ಎಂಬ ಕಂಪೈಲರ್‌ಗೆ 'ಮೈನಸ್ ದೊಡ್ಡ ಎಸ್' (-S) ಆಯ್ಕೆ ಕೊಡಿ. ಅಸೆಂಬ್ಲಿ ಫೈಲ್ ಸಿಗುತ್ತದೆ. ಗೆಳೆಯನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಭಾಗಾಕಾರ ಎಲ್ಲಿಗೆ ಹೋಯಿತು ಅಂತ ಅವನೇ ಹುಡುಕಲಿ.