ಅಪೆರೋಲ್ ಸ್ಪ್ರಿಟ್ಸ್‌ಗೆ ಯಾವ ಪ್ರೊಸೆಕ್ಕೊ: ಬ್ರೂಟೋ, ಎಕ್ಸ್‌ಟ್ರಾ ಡ್ರೈಯೋ?

ನೀವು ಕೇಳಿರೋದು ಇಷ್ಟು: ಬೆಂಗಳೂರಿನ ಮನೆಗೆ ಸ್ನೇಹಿತರು ಬರುತ್ತಿದ್ದಾರೆ, ಸ್ಪ್ರಿಟ್ಸ್ ಅನ್ನೋ ತಂಪು ಕಾಕ್‌ಟೇಲ್ ಮಾಡೋಕೆ ಅಪೆರೋಲ್ (ಕಿತ್ತಳೆ ಬಣ್ಣದ, ಸಿಹಿ-ಕಹಿ ರುಚಿಯ ಇಟಲಿಯ ಮದ್ಯ) ತಂದಿಟ್ಟಿದ್ದೀರಿ, ಅದಕ್ಕೆ ಬೆರೆಸೋ ಇಟಲಿಯ ಗುಳ್ಳೆ ವೈನ್ ಪ್ರೊಸೆಕ್ಕೊದಲ್ಲಿ ಬ್ರೂಟ್ ತರಬೇಕೋ ಎಕ್ಸ್‌ಟ್ರಾ ಡ್ರೈ ತರಬೇಕೋ, ಅಥವಾ ಖರ್ಚಾದರೂ ಪರವಾಗಿಲ್ಲ ಅಂತ ಷಾಂಪೇನ್ ಹಾಕಿಬಿಡಬೇಕೋ.

ಎರಡೂ ಇದ್ದರೆ ಬ್ರೂಟ್ ತಗೊಳ್ಳಿ. ಬರೀ ಎಕ್ಸ್‌ಟ್ರಾ ಡ್ರೈ ಸಿಕ್ಕರೆ ಅದನ್ನೇ ತನ್ನಿ, ಏನೂ ಕೆಡೋದಿಲ್ಲ. ಷಾಂಪೇನ್ ಮಾತ್ರ ಬೇಡ.

ನಾನಿರೋದು ಇಟಲಿಯ ಪಾದೊವಾದಲ್ಲಿ. 1919ರಲ್ಲಿ ಬಾರ್ಬಿಯೇರಿ ಅಣ್ಣತಮ್ಮಂದಿರು ಅಪೆರೋಲನ್ನು ಹೊರತಂದಿದ್ದು ಇದೇ ಊರಿನಲ್ಲಿ. ಸಂಜೆ ಹೊತ್ತು ಪಿಯಾತ್ಸಾ ದೆಲ್ಲೆ ಎರ್ಬೆ ಅನ್ನೋ ಚೌಕದ ಕಡೆ ಹೋದರೆ ಎಲ್ಲ ಮೇಜಿನ ಮೇಲೂ ಕಿತ್ತಳೆ ಬಣ್ಣದ ಗ್ಲಾಸುಗಳೇ. ಆ ಗ್ಲಾಸಿಗೆ ಇಲ್ಲಿ ಬೀಳೋದು ಸಾಮಾನ್ಯ ಪ್ರೊಸೆಕ್ಕೊ, ಆದರೆ ತಣ್ಣಗಿರುತ್ತದೆ, ಆಗಷ್ಟೇ ತೆರೆದದ್ದಾಗಿರುತ್ತದೆ. ನಿಮ್ಮ ಮನೆಯಲ್ಲೂ ಅಷ್ಟೇ ಆಗಬೇಕಾದದ್ದು.

ಮೊದಲು ಸಿಹಿಯ ವಿಷಯ ಮುಗಿಸೋಣ, ಜನ ಜಾಸ್ತಿ ತಲೆ ಕೆಡಿಸಿಕೊಳ್ಳೋದು ಅಲ್ಲೇ. ಬ್ರೂಟ್ ಅಂದರೆ ಲೀಟರಿಗೆ 12 ಗ್ರಾಂ ಒಳಗೆ ಸಕ್ಕರೆ. ಎಕ್ಸ್‌ಟ್ರಾ ಡ್ರೈ ಅಂದರೆ 12ರಿಂದ 17. ಹೌದು, ಎಕ್ಸ್‌ಟ್ರಾ ಡ್ರೈಯೇ ಹೆಚ್ಚು ಸಿಹಿ. ಈಗ ಲೆಕ್ಕ ಹಾಕಿ. ಒಂದು ಸ್ಪ್ರಿಟ್ಸ್‌ಗೆ ಹೋಗೋದು 90 ಮಿಲಿ ಪ್ರೊಸೆಕ್ಕೊ. ಲೀಟರಿಗೆ 8 ಗ್ರಾಂ ಇರೋ ಬ್ರೂಟ್ ಬದಲು 16 ಗ್ರಾಂ ಇರೋ ಎಕ್ಸ್‌ಟ್ರಾ ಡ್ರೈ ಹಾಕಿದರೆ ಗ್ಲಾಸಿಗೆ ಸೇರೋದು ಮುಕ್ಕಾಲು ಗ್ರಾಂನಷ್ಟು ಸಕ್ಕರೆ, ಕಾಲು ಟೀ ಚಮಚವೂ ಅಲ್ಲ. 60 ಮಿಲಿ ಅಪೆರೋಲ್ ತರೋ ಸಿಹಿಯ ಮುಂದೆ ಇದು ಲೆಕ್ಕಕ್ಕೇ ಬರೋದಿಲ್ಲ. ಆದರೂ ನಾನು ಬ್ರೂಟ್ ಅನ್ನೋದು ಯಾಕೆ ಅಂದರೆ ಕೊನೆಯ ಗುಟುಕಿನ ಹೊತ್ತಿಗೆ ಬಾಯಿ ಅಂಟಂಟಾಗದೆ ಸ್ವಲ್ಪ ಹುಳಿ ಉಳಿಯುತ್ತದೆ. ಆಸ್ತಿ ಸ್ಪುಮಾಂತೆ ಅನ್ನೋ ಇಟಲಿಯ ಇನ್ನೊಂದು ಗುಳ್ಳೆ ವೈನ್ ತಂದರೆ ಮಾತ್ರ ಕಥೆ ಬೇರೆ. ಅದರ ಸಿಹಿ ಬಗೆಯಲ್ಲಿ ಸಕ್ಕರೆ ಇದರ ಹಲವು ಪಟ್ಟು, ಸ್ಪ್ರಿಟ್ಸ್ ಪಾನಕ ಆಗಿಬಿಡುತ್ತದೆ.

ನಿಜವಾಗಿ ನೋಡಬೇಕಾದದ್ದು ಗುಳ್ಳೆ. ಪ್ರೊಸೆಕ್ಕೊದಲ್ಲಿ ಸ್ಪುಮಾಂತೆ ಮತ್ತು ಫ್ರಿತ್ಸಾಂತೆ ಅಂತ ಎರಡು ಬಗೆ ಸಿಗುತ್ತವೆ. ಸ್ಪುಮಾಂತೆಯಲ್ಲಿ ಒತ್ತಡ ಕನಿಷ್ಠ 3 ಬಾರ್, ಫ್ರಿತ್ಸಾಂತೆಯಲ್ಲಿ ಹೆಚ್ಚೆಂದರೆ 2.5. ಚೀಟಿ ಓದೋದಕ್ಕೂ ಮೊದಲು ಬಾಟಲಿಯ ತಲೆ ನೋಡಿ. ಅಣಬೆಯಂಥ ದಪ್ಪ ಬಿರಡೆ, ಅದರ ಮೇಲೆ ತಿರುಚಿ ಬಿಗಿದ ತಂತಿ ಇದ್ದರೆ ಸಾಮಾನ್ಯವಾಗಿ ಸ್ಪುಮಾಂತೆ. ದಾರ ಕಟ್ಟಿದ್ದರೆ ಅಥವಾ ಬಿಯರ್ ಬಾಟಲಿಯಂತೆ ತಗಡಿನ ಮುಚ್ಚಳ ಇದ್ದರೆ ಹೆಚ್ಚಾಗಿ ಫ್ರಿತ್ಸಾಂತೆ. ಗ್ಲಾಸು ತುಂಬ ಐಸ್ ಇರುತ್ತದೆ, ಮೇಲೆ ಗುಳ್ಳೆಯೇ ಇಲ್ಲದ ಅಪೆರೋಲ್ ಬೀಳುತ್ತದೆ, ಇದನ್ನೆಲ್ಲ ತಡೆದುಕೊಂಡು ಐದು ನಿಮಿಷದ ಮೇಲೂ ಚುರುಗುಡಬೇಕು ಅಂದರೆ ಸ್ಪುಮಾಂತೆಯೇ ಬೇಕು. ಫ್ರಿತ್ಸಾಂತೆ ಬೇಗ ಸಪ್ಪೆಯಾಗುತ್ತದೆ.

ಷಾಂಪೇನ್ ಬೇಡ ಅಂದದ್ದು ದುಡ್ಡಿನ ವಿಚಾರಕ್ಕಷ್ಟೇ ಅಲ್ಲ. ಅದು ಬಾಟಲಿಯಲ್ಲೇ ಎರಡನೇ ಸಲ ಹುದುಗಿ, ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿ ಕೂತು, ಯೀಸ್ಟ್ ಜೊತೆಗಿದ್ದು ಬ್ರೆಡ್ಡಿನಂಥ ಪರಿಮಳ ಪಡೆಯುತ್ತದೆ. ಅಪೆರೋಲಿನ ಕಿತ್ತಳೆ ಸಿಪ್ಪೆಯ ಕಹಿ ಅದನ್ನು ಪೂರ್ತಿ ಮುಚ್ಚಿಹಾಕುತ್ತದೆ. ಪ್ರೊಸೆಕ್ಕೊ ಹುದುಗೋದು ದೊಡ್ಡ ಉಕ್ಕಿನ ಟ್ಯಾಂಕಿನಲ್ಲಿ, ಸ್ವಲ್ಪ ಕಾಲ, ಹಾಗಾಗಿ ಗ್ಲೇರಾ ದ್ರಾಕ್ಷಿಯ ಹಸಿರು ಸೇಬು, ಪೇರ್ ಹಣ್ಣಿನ ವಾಸನೆ ಹಾಗೇ ಉಳಿಯುತ್ತದೆ. ಕಿತ್ತಳೆಯ ಜೊತೆ ಹೊಂದೋದು ಅದೇ. ಇದೇ ಕಾರಣಕ್ಕೆ ಕೊನೆಲ್ಯಾನೊ ವಾಲ್ದೊಬ್ಬಿಯಾದೆನೆ ಗುಡ್ಡಗಳ ಡಿಒಸಿಜಿ (ಇಟಲಿಯ ವೈನ್‌ಗಳ ಅತಿ ಮೇಲಿನ ದರ್ಜೆ) ಪ್ರೊಸೆಕ್ಕೊ ಬಾಟಲಿಯನ್ನೂ ದಯವಿಟ್ಟು ಇದಕ್ಕೆ ಸುರಿಯಬೇಡಿ. ಆ ಕಡಿದಾದ ಗುಡ್ಡಗಳಲ್ಲಿ ಬಳ್ಳಿಯ ಆರೈಕೆ ಬಹುಪಾಲು ಕೈಯಲ್ಲೇ ಆಗುತ್ತದೆ, 2019ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದ ಜಾಗ ಅದು. ಅದನ್ನು ಹಾಗೇ ಕುಡಿಯಿರಿ. ಸ್ಪ್ರಿಟ್ಸ್‌ಗೆ ಅದರ ಕೆಳಗಿನ ದರ್ಜೆಯ ಸಾದಾ ಡಿಒಸಿ ಧಾರಾಳ ಸಾಕು.

ಬೆಂಗಳೂರಿನಲ್ಲಿ ಇನ್ನೊಂದು ವಿಷಯ ಗಮನಿಸಿ. ಪ್ರೊಸೆಕ್ಕೊ ಇಟ್ಟಷ್ಟೂ ರುಚಿಯಾಗೋ ವೈನ್ ಅಲ್ಲ, ಹಳೆಯದಾದರೆ ಹಣ್ಣಿನ ವಾಸನೆ ಹೋಗುತ್ತದೆ. ಬಾಟಲಿಯ ಹಿಂದೆ ಆಮದು ಮಾಡಿದವರ ಚೀಟಿಯಲ್ಲಿ ತಿಂಗಳು, ವರ್ಷ ಇರುತ್ತದೆ, ನೋಡಿ ತಗೊಳ್ಳಿ. ಕಿಟಕಿ ಪಕ್ಕ ಬಿಸಿಲಿಗೆ ನಿಲ್ಲಿಸಿದ್ದು ಬೇಡ. ಒಳ್ಳೆ ಪ್ರೊಸೆಕ್ಕೊ ಸಿಗದಿದ್ದರೆ ನಾಸಿಕ್ ಕಡೆಯ ಸುಲಾ ಬ್ರೂಟ್ ಅಥವಾ ಷಾಂದೋನ್ ಬ್ರೂಟ್ ತನ್ನಿ. ಅವು ಷಾಂಪೇನ್ ಥರ ಬಾಟಲಿಯಲ್ಲೇ ಹುದುಗಿದವು, ರುಚಿ ಸ್ವಲ್ಪ ಬೇರೆ, ಆದರೆ ಗುಳ್ಳೆ ಗಟ್ಟಿ. ವರ್ಷಗಟ್ಟಲೆ ಅಂಗಡಿಯಲ್ಲಿ ಬಿದ್ದಿದ್ದ ಪ್ರೊಸೆಕ್ಕೊಗಿಂತ ನಾನು ಅವನ್ನೇ ಆರಿಸುತ್ತೇನೆ.

ಬಾಟಲಿಯನ್ನು ಹಿಂದಿನ ರಾತ್ರಿಯೇ ಫ್ರಿಜ್‌ಗೆ ಇಡಿ. ಬೆಚ್ಚಗಿದ್ದರೆ ಸುರಿಯುವಾಗಲೇ ಉಕ್ಕಿ ಅರ್ಧ ಗುಳ್ಳೆ ಹೊರಟುಹೋಗುತ್ತದೆ. ಗ್ಲಾಸು ತುಂಬ ಐಸ್, ಮೊದಲು ಪ್ರೊಸೆಕ್ಕೊ, ಆಮೇಲೆ ಅಪೆರೋಲ್, ಕೊನೆಗೆ ಒಂದು ಚೂರು ಸೋಡಾ. ಅಪೆರೋಲ್ ಭಾರ, ತಾನೇ ಕೆಳಗಿಳಿಯುತ್ತದೆ, ಚಮಚ ಹಾಕಿ ಗಿರಗಿರ ತಿರುಗಿಸಬೇಡಿ. 750 ಮಿಲಿ ಬಾಟಲಿಯಲ್ಲಿ ಎಂಟು ಗ್ಲಾಸು ಆಗುತ್ತದೆ. ಅಷ್ಟು ಜನ ಇಲ್ಲದಿದ್ದರೆ ಸ್ಪಾರ್ಕ್ಲಿಂಗ್ ವೈನ್‌ಗೆ ಅಂತಲೇ ಬರೋ ಕ್ಲಿಪ್ ಮುಚ್ಚಳ ಹಾಕಿಟ್ಟು ಮಾರನೇ ದಿನವೇ ಮುಗಿಸಿ. ಮುಂದೆ ಯಾವಾಗಲಾದರೂ ಅಪೆರೋಲ್ ಬದಲು ಅದಕ್ಕಿಂತ ಕಹಿಯಾದ ಕಂಪಾರಿ ಮದ್ಯ ಹಾಕಿ ಮಾಡೋದಾದರೆ ಆಗ ಎಕ್ಸ್‌ಟ್ರಾ ಡ್ರೈ ತನ್ನಿ, ಆ ಕಹಿಗೆ ಅಷ್ಟು ಸಿಹಿ ಬೇಕು.