ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಪುಲ್ಲಿಗಳ ಸಂಖ್ಯೆ ಕಡಿಮೆ ಮಾಡಿದ ಮೇಲೆ ಬೆಲ್ಟ್ ಏಕೆ ಕಳಚುತ್ತದೆ?

ರೇಸ್ ಕಾರಿನ ಎಂಜಿನ್ ಮುಂಭಾಗದ ಬೆಲ್ಟ್ ಮತ್ತು ಪುಲ್ಲಿಗಳ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತವೆ. ಬೇಡದ ಭಾಗಗಳನ್ನು ತೆಗೆದೆವು, ಗಿಡ್ಡ ಬೆಲ್ಟ್ ಹಾಕಿದೆವು, ಈಗ ಬೆಲ್ಟ್ ಜಾಗದಲ್ಲಿ ನಿಲ್ಲುತ್ತಿಲ್ಲ ಎಂಬುದೇ ಅವುಗಳ ತಿರುಳು. ದೋಷ ಬೆಲ್ಟಿನದಲ್ಲ, ಜೋಡಣೆಯದು ಎಂದು ಎಷ್ಟು ಸಲ ಬರೆದರೂ ಇನ್ನೂ ದುಬಾರಿಯಾದ ಬೆಲ್ಟಿನ ಹೆಸರನ್ನು ಕೇಳುವ ಪತ್ರಗಳು ನಿಂತಿಲ್ಲ. ಆದ್ದರಿಂದ ಈ ಸಲ ಅಂಥದೊಂದು ಪತ್ರಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಬೆಲ್ಟಿನ ಮೇಲಿನ ಅಳತೆಯನ್ನು ಓದುವುದು, ಬೋಲ್ಟನ್ನು ಸರಿಯಾದ ಟಾರ್ಕ್‌ಗೆ ಬಿಗಿಯುವುದು ಮುಂತಾದವು ಓದುಗರಿಗೆ ಗೊತ್ತಿವೆ ಎಂದೇ ಭಾವಿಸಿದ್ದೇನೆ.

ಪ್ರಶ್ನೆ: ನನ್ನದು ನಾಲ್ಕು ಸಿಲಿಂಡರ್ ಎಂಜಿನ್; 8,000 ಆರ್‌ಪಿಎಂವರೆಗೆ ಓಡಿಸುತ್ತೇನೆ. ಎಸಿ ಕಂಪ್ರೆಸರನ್ನೂ ಪವರ್ ಸ್ಟೀರಿಂಗ್ ಪಂಪನ್ನೂ ತೆಗೆದು, ಆಲ್ಟರ್ನೇಟರನ್ನು ಕಂಪ್ರೆಸರ್ ಇದ್ದ ಜಾಗಕ್ಕೆ ಇಳಿಸಿದ್ದೇನೆ. ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ದಂಡ) ಪುಲ್ಲಿ 150 ಮಿ.ಮೀ., ಆಲ್ಟರ್ನೇಟರ್ ಪುಲ್ಲಿ 55 ಮಿ.ಮೀ. ಇವೆ. ಆರು ರಿಬ್‌ಗಳ ಬೆಲ್ಟ್ ಈಗ ಕ್ರ್ಯಾಂಕ್, ವಾಟರ್ ಪಂಪ್, ಆಲ್ಟರ್ನೇಟರ್ ಮತ್ತು ಬೆಲ್ಟನ್ನು ಬಿಗಿಯಾಗಿಡುವ ಸ್ಪ್ರಿಂಗ್ ಟೆನ್ಷನರ್ ಇಷ್ಟನ್ನು ಮಾತ್ರ ಸುತ್ತುತ್ತದೆ. ಟ್ರ್ಯಾಕಿನ ನೇರ ಭಾಗ ಮುಗಿದು ಬ್ರೇಕ್ ಹಾಕುವಾಗ ಬೆಲ್ಟ್ ಕಳಚಿಕೊಳ್ಳುತ್ತದೆ. ಇನ್ನಷ್ಟು ಬಿಗಿ ಮಾಡಿದರೂ ಪ್ರಯೋಜನವಾಗಲಿಲ್ಲ. ಎಂಜಿನ್ ಕೂಡ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತಿದೆ. ಯಾವ ಕಂಪನಿಯ ಬೆಲ್ಟ್ ಹಾಕಬೇಕು?

ಉತ್ತರ: ಈ ಜೋಡಣೆಗೆ ಯಾವ ಕಂಪನಿಯ ಬೆಲ್ಟ್ ಹಾಕಿದರೂ ಅದು ಕಳಚುತ್ತದೆ. ಕಾರಣವನ್ನು ನೀವೇ ಬರೆದಿದ್ದೀರಿ, ಆದರೆ ಗಮನಿಸಿಲ್ಲ: ಬೆಲ್ಟ್ ಹೋಗುವುದು ಬ್ರೇಕ್ ಹಾಕುವಾಗ, ಅಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರ್ ಇಳಿಸುವ ಹೊತ್ತಿನಲ್ಲಿ. ಪೂರ್ಣ ವೇಗದಲ್ಲಿ ಓಡುವಾಗ ಕ್ರ್ಯಾಂಕ್ ಬೆಲ್ಟನ್ನು ಎಳೆಯುತ್ತಿರುತ್ತದೆ. ಕ್ರ್ಯಾಂಕಿನ ಕಡೆಗೆ ಬರುವ ಭಾಗ ಬಿಗಿಯಾಗಿಯೂ ಕ್ರ್ಯಾಂಕಿನಿಂದ ಹೊರಡುವ ಭಾಗ ಸಡಿಲವಾಗಿಯೂ ಇರುತ್ತದೆ. ಕಾರು ತಯಾರಿಸಿದವರು ಸ್ಪ್ರಿಂಗ್ ಟೆನ್ಷನರನ್ನು ಆ ಸಡಿಲ ಭಾಗದಲ್ಲಿ ಇಡುತ್ತಾರೆ. ಕಾಲು ತೆಗೆದ ಕ್ಷಣದಲ್ಲಿ ಎಂಜಿನ್ ಥಟ್ಟನೆ ನಿಧಾನವಾಗುತ್ತದೆ, ಆದರೆ ಆಲ್ಟರ್ನೇಟರಿನೊಳಗಿನ ಭಾರದ ರೋಟರ್ ಅದೇ ವೇಗದಲ್ಲಿ ತಿರುಗುತ್ತಿರಲು ಹವಣಿಸುತ್ತದೆ. ಆಗ ಆಲ್ಟರ್ನೇಟರೇ ಬೆಲ್ಟನ್ನು ಎಳೆಯತೊಡಗುತ್ತದೆ. ಸಡಿಲವಿದ್ದ ಭಾಗ ಬಿಗಿಯಾಗಿ ಟೆನ್ಷನರ್ ತೋಳನ್ನು ಹಿಂದಕ್ಕೆ ತಳ್ಳುತ್ತದೆ, ಬಿಗಿಯಿದ್ದ ಭಾಗ ಜೋತುಬೀಳುತ್ತದೆ. ಜೋತುಬಿದ್ದ ಬೆಲ್ಟ್ ಒಂದು ಗ್ರೂವ್ (ಬೆಲ್ಟಿನ ರಿಬ್ಬು ಕೂರುವ ಪುಲ್ಲಿಯ ತೋಡು) ಪಕ್ಕಕ್ಕೆ ಹಾರಿತೆಂದರೆ ಮುಂದಿನ ಕೆಲವೇ ಸುತ್ತುಗಳಲ್ಲಿ ಪುಲ್ಲಿಯಿಂದ ಹೊರಬೀಳುತ್ತದೆ.

ರೋಟರಿನ ಈ ಎಳೆತ ಎಷ್ಟು ಎಂಬುದನ್ನು ಪುಲ್ಲಿಗಳ ಅನುಪಾತ ನಿರ್ಧರಿಸುತ್ತದೆ. ನಿಮ್ಮ 150ಕ್ಕೆ 55 ಎಂಬ ಜೋಡಿ ಆಲ್ಟರ್ನೇಟರನ್ನು ಕ್ರ್ಯಾಂಕಿನ 2.7 ಪಟ್ಟು ವೇಗದಲ್ಲಿ ತಿರುಗಿಸುತ್ತದೆ. ಹಾಗಾಗಿ 8,000 ಆರ್‌ಪಿಎಂನಲ್ಲಿ ಅದರ ವೇಗ 21,800ನ್ನು ದಾಟುತ್ತದೆ. ಸಾಮಾನ್ಯ ರಸ್ತೆ ಕಾರಿನ ಆಲ್ಟರ್ನೇಟರನ್ನು ಅಷ್ಟು ವೇಗದಲ್ಲಿ ದೀರ್ಘಕಾಲ ಓಡಿಸಲು ನಾನು ಯಾರಿಗೂ ಹೇಳುವುದಿಲ್ಲ. ಕ್ರ್ಯಾಂಕಿಗೆ ತಟ್ಟುವ ರೋಟರಿನ ಜಡತ್ವವು ಅನುಪಾತದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅನುಪಾತವನ್ನು 2.7ರಿಂದ 2ಕ್ಕೆ ಇಳಿಸಿದರೆ ಆ ಹೊಡೆತ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಆದ್ದರಿಂದ ಮೊದಲು ಆಲ್ಟರ್ನೇಟರಿಗೆ 75 ಮಿ.ಮೀ. ಪುಲ್ಲಿ ಹಾಕಿ. ಆಗ 8,000ದಲ್ಲಿ ಅದು 16,000 ಆರ್‌ಪಿಎಂ ತಿರುಗುತ್ತದೆ. ಐಡಲ್‌ನಲ್ಲಿ ಚಾರ್ಜಿಂಗ್ ಕಡಿಮೆಯಾಗುವುದು ನಿಜ, ಆದರೆ ರೇಸ್ ಕಾರು ಐಡಲ್‌ನಲ್ಲಿ ನಿಂತಿರುವ ಹೊತ್ತು ಕಡಿಮೆ. ಬೇಕಿದ್ದರೆ ಐಡಲನ್ನು ತುಸು ಏರಿಸಿಕೊಳ್ಳಿ. ಆಲ್ಟರ್ನೇಟರಿನಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಪುಲ್ಲಿ ಇದ್ದದ್ದನ್ನು ಕಿತ್ತು ಗಟ್ಟಿ ಪುಲ್ಲಿ ಹಾಕಿದ್ದೀರಾ ಎಂಬುದನ್ನೂ ನೋಡಿ. ರೋಟರ್ ತಾನಾಗಿ ತಿರುಗಿ ನಿಧಾನವಾಗಲು ಬಿಡುವುದಕ್ಕೇ ಆ ಕ್ಲಚ್ ಇರುವುದು.

ಕ್ರ್ಯಾಂಕ್ ಪುಲ್ಲಿಯನ್ನೇ ಚಿಕ್ಕದು ಮಾಡಬಾರದೇ ಎಂದು ನೀವು ಕೇಳಬಹುದು. ಅದನ್ನು 110 ಮಿ.ಮೀ.ಗೆ ಇಳಿಸಿದರೆ ಅನುಪಾತ ಎರಡಕ್ಕೆ ಬರುತ್ತದೆ. ಬೆಲ್ಟಿನ ವೇಗವೂ ಸೆಕೆಂಡಿಗೆ 63 ಮೀಟರಿನಿಂದ 46 ಮೀಟರಿಗೆ ಇಳಿದು, ಬೆಲ್ಟನ್ನು ಪುಲ್ಲಿಯಿಂದ ಹೊರಕ್ಕೆ ಎತ್ತುವ ಬಲ ಅರ್ಧದಷ್ಟಾಗುತ್ತದೆ. ಅದು ಲಾಭವೇ. ಆದರೆ ವಾಟರ್ ಪಂಪಿನ ವೇಗವೂ ಶೇ 73ಕ್ಕೆ ಇಳಿಯುತ್ತದೆ. ಈಗಾಗಲೇ ಬಿಸಿಯಾಗುತ್ತಿರುವ ಎಂಜಿನ್ನಿನಲ್ಲಿ, ಅದರಲ್ಲೂ ಸೇಫ್ಟಿ ಕಾರಿನ ಹಿಂದೆ ನಿಧಾನವಾಗಿ ಸಾಗುವಾಗ, ನೀರಿನ ಹರಿವು ಕಡಿಮೆಯಾಗುವುದನ್ನು ನಾನು ಒಪ್ಪುವುದಿಲ್ಲ. ಕ್ರ್ಯಾಂಕ್ ಪುಲ್ಲಿಯೊಳಗೆ ಕಂಪನ ಹೀರುವ ಡ್ಯಾಂಪರ್ ಸೇರಿದ್ದರಂತೂ ಅದಕ್ಕೆ ಕೈ ಹಚ್ಚಲೇಬೇಡಿ. ಏಕೆಂಬುದನ್ನು ಮುಂದಿನ ಉತ್ತರದಲ್ಲಿ ಹೇಳಿದ್ದೇನೆ.

ಎರಡನೆಯ ಕಾರಣ, ನೀವು ತೆಗೆದುಹಾಕಿದ ಪುಲ್ಲಿಗಳು ಮಾಡುತ್ತಿದ್ದ ಇನ್ನೊಂದು ಕೆಲಸ. ಕಂಪ್ರೆಸರ್ ಪುಲ್ಲಿ ಕಂಪ್ರೆಸರನ್ನು ತಿರುಗಿಸುವುದರ ಜೊತೆಗೆ ಬೆಲ್ಟನ್ನು ಬಾಗಿಸಿ ಕ್ರ್ಯಾಂಕನ್ನೂ ಆಲ್ಟರ್ನೇಟರನ್ನೂ ಚೆನ್ನಾಗಿ ಅಪ್ಪುವಂತೆ ಮಾಡುತ್ತಿತ್ತು. ಅದು ಹೋದ ಮೇಲೆ ಬೆಲ್ಟ್ ಅಪ್ಪುವ ಕೋನ ಕಡಿಮೆಯಾಗಿದೆ. ಘರ್ಷಣಾಂಕವನ್ನು 0.5 ಎಂದಿಟ್ಟುಕೊಂಡರೆ, 180 ಡಿಗ್ರಿ ಅಪ್ಪಿದ ಬೆಲ್ಟ್ ಜಾರುವ ಮೊದಲು ಅದರ ಬಿಗಿ ಭಾಗದ ಎಳೆತ ಸಡಿಲ ಭಾಗದ 4.8 ಪಟ್ಟಿನವರೆಗೆ ಹೋಗಬಹುದು. ಕೋನ 120 ಡಿಗ್ರಿಗೆ ಇಳಿದರೆ ಆ ಮಿತಿ 2.8 ಪಟ್ಟು ಮಾತ್ರ. ಈ ಕೊರತೆಯನ್ನು ಬಿಗಿತದಿಂದ ತುಂಬಿಸಲು ಹೊರಟವರು ವಾಟರ್ ಪಂಪಿನ ಬೇರಿಂಗನ್ನೂ ಕ್ರ್ಯಾಂಕಿನ ಮುಂದಿನ ಮೇನ್ ಬೇರಿಂಗನ್ನೂ ಹಾಳುಮಾಡಿಕೊಳ್ಳುತ್ತಾರೆ. ನೀವು ಮಾಡಿದ್ದೂ ಅದನ್ನೇ, ದಯವಿಟ್ಟು ನಿಲ್ಲಿಸಿ.

ಸ್ಪ್ರಿಂಗ್ ಟೆನ್ಷನರನ್ನು ತೆಗೆದು, ತಿರುಪಿನಿಂದ ಸರಿಹೊಂದಿಸಿ ಬೋಲ್ಟಿನಿಂದ ಬಂಧಿಸಬಹುದಾದ ಸ್ಥಿರ ಐಡ್ಲರ್ (ಯಾವ ಭಾಗವನ್ನೂ ಓಡಿಸದೆ ಬೆಲ್ಟನ್ನು ಒತ್ತಿಹಿಡಿಯುವ ಚಕ್ರ) ಹಾಕಿ. ಅದು ಕ್ರ್ಯಾಂಕಿಗೂ ಆಲ್ಟರ್ನೇಟರಿಗೂ ನಡುವಿನ ಭಾಗದಲ್ಲಿ ಬೆಲ್ಟಿನ ನಯವಾದ ಬೆನ್ನನ್ನು ಹೊರಗಿನಿಂದ ಒಳಕ್ಕೆ ಒತ್ತುವಂತಿರಲಿ. ಎರಡೂ ಪುಲ್ಲಿಗಳ ಮೇಲೆ ಹಿಡಿತ ಹೆಚ್ಚುತ್ತದೆ, ಕಾಲು ತೆಗೆದಾಗ ಹಿಂದಕ್ಕೆ ಸರಿಯುವ ತೋಳೂ ಇರುವುದಿಲ್ಲ. ಐಡ್ಲರಿನ ಗಾತ್ರವನ್ನು ಲೆಕ್ಕ ಹಾಕದೆ ಕೊಳ್ಳಬೇಡಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 70 ಮಿ.ಮೀ. ಚಕ್ರ ನಿಮ್ಮ ಎಂಜಿನ್ನಿನಲ್ಲಿ 17,000 ಆರ್‌ಪಿಎಂ ದಾಟುತ್ತದೆ, ಆದರೆ ಅದರೊಳಗೆ ಸಾಮಾನ್ಯವಾಗಿ ಇರುವ 6203 ಬೇರಿಂಗಿಗೆ ರಬ್ಬರ್ ಸೀಲ್ ಉಜ್ಜುವಂತಿದ್ದರೆ ಅದರ ಮಿತಿ ಸುಮಾರು 12,000. ಆದ್ದರಿಂದ 90 ಮಿ.ಮೀ. ಚಕ್ರ, ಉಜ್ಜದ ಲೋಹದ ಮುಚ್ಚಳವಿರುವ ಬೇರಿಂಗ್ ಆರಿಸಿಕೊಳ್ಳಿ. ವೇಗ 13,300ರ ಆಸುಪಾಸಿಗೆ ಬರುತ್ತದೆ. ಎಂಜಿನ್ ಬ್ಲಾಕ್ ಬಿಸಿಯಾಗಿ ಹಿಗ್ಗಿದಾಗ ಸ್ಥಿರ ಜೋಡಣೆಯ ಬೆಲ್ಟ್ ತುಸು ಬಿಗಿಯಾಗುತ್ತದೆ. ಹಾಗಾಗಿ ತಣ್ಣಗಿರುವಾಗ ಹೊಂದಿಸಿದ ಬಿಗಿತವನ್ನು ಕೆಲವು ಸುತ್ತು ಓಡಿಸಿ ಬಂದ ಮೇಲೆ, ಎಂಜಿನ್ ನಿಲ್ಲಿಸಿ, ಮತ್ತೆ ಪರೀಕ್ಷಿಸಿ.

ಇನ್ನು ಬ್ರಾಕೆಟ್. ನಿಮ್ಮ ಪತ್ರದಲ್ಲಿ ಅದರ ಬಗ್ಗೆ ಒಂದು ಮಾತೂ ಇಲ್ಲ, ಆದರೆ ನನ್ನ ಅನುಮಾನ ಹೆಚ್ಚಾಗಿ ಅದರ ಮೇಲೆಯೇ. ಜಾಗ ಬದಲಿಸಿದ ಆಲ್ಟರ್ನೇಟರನ್ನು ಬಾಗಿಸಿದ ತಗಡಿನ ಪಟ್ಟಿಗೆ ಒಂದೇ ಬದಿಯಿಂದ ತೂಗುಹಾಕುವುದು ನಮ್ಮ ಗ್ಯಾರೇಜುಗಳ ಕೆಟ್ಟ ಅಭ್ಯಾಸ. ಎಂಜಿನ್ ನಿಂತಿರುವಾಗ ಆಲ್ಟರ್ನೇಟರಿನ ಹಿಂಭಾಗವನ್ನು ಎರಡೂ ಕೈಗಳಿಂದ ಹಿಡಿದು ಜಗ್ಗಿ ನೋಡಿ. ಪುಲ್ಲಿಯ ಅಂಚು ಕಣ್ಣಿಗೆ ಕಾಣುವಷ್ಟು ಅಲುಗಿದರೆ ಆ ಬ್ರಾಕೆಟನ್ನು ಕಿತ್ತೆಸೆಯಿರಿ. ಬೋಲ್ಟಿನ ಎರಡೂ ತುದಿಗಳಿಗೆ ಆಸರೆಯಿರುವ ದಪ್ಪ ಬ್ರಾಕೆಟ್ ಬೇಕು. ಬಳಿಕ ನೇರವಾದ ಉಕ್ಕಿನ ಪಟ್ಟಿಯನ್ನು ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಒತ್ತಿಹಿಡಿದು, ಅದು ಉಳಿದ ಪುಲ್ಲಿಗಳ ಬಳಿ ಎಷ್ಟು ಅಂತರ ಬಿಡುತ್ತದೆ ಎಂಬುದನ್ನು ಅಳೆಯಿರಿ. ಪುಲ್ಲಿಗಳ ಅಂಚಿನ ದಪ್ಪ ಒಂದೇ ಆಗಿರುವುದಿಲ್ಲವಾದ್ದರಿಂದ, ಅಂಚಿನಿಂದ ಮೊದಲ ಗ್ರೂವಿನವರೆಗಿನ ಅಳತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡು ಪುಲ್ಲಿಗಳ ನಡುವಿನ 200 ಮಿ.ಮೀ. ಅಂತರಕ್ಕೆ 1 ಮಿ.ಮೀ.ಗಿಂತ ಹೆಚ್ಚು ಓರೆಯನ್ನು ನಾನು ಒಪ್ಪುವುದಿಲ್ಲ. ಕಳಚಿದ ಹಳೆಯ ಬೆಲ್ಟನ್ನು ಎಸೆದಿಲ್ಲವಾದರೆ ಬೆಳಕಿನಲ್ಲಿ ಹಿಡಿದು ನೋಡಿ. ಒಂದೇ ಬದಿಯ ಅಂಚಿನಲ್ಲಿ ನೂಲು ಎದ್ದು, ಪ್ರತಿ ರಿಬ್ಬಿನ ಅದೇ ಮಗ್ಗುಲು ಕನ್ನಡಿಯಂತೆ ಹೊಳೆಯುತ್ತಿದ್ದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬಿಸಿಯ ವಿಚಾರಕ್ಕೆ ಬಂದರೆ, ಹಳೆಯ ಜೋಡಣೆಯಲ್ಲಿ ವಾಟರ್ ಪಂಪನ್ನು ಬೆಲ್ಟಿನ ಯಾವ ಮುಖ ತಿರುಗಿಸುತ್ತಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಬೆನ್ನಿನಿಂದ ತಿರುಗುತ್ತಿದ್ದ ಪಂಪಿಗೆ ಗ್ರೂವಿನ ಪುಲ್ಲಿ ಹಾಕಿ ರಿಬ್ಬುಗಳಿಂದ ತಿರುಗಿಸಿದ್ದರೆ ಅದು ಹಿಮ್ಮುಖವಾಗಿ ತಿರುಗುತ್ತಿದೆ. ಅಂಥ ಪಂಪ್ ಸ್ವಲ್ಪ ನೀರನ್ನು ಹರಿಸುತ್ತದೆ. ನಿಧಾನವಾಗಿ ಓಡಿಸುವಾಗ ದೋಷ ಕಾಣದೆ ರೇಸಿನಲ್ಲಿ ಎಂಜಿನ್ ಬೇಯುವುದು ಇದೇ ಕಾರಣಕ್ಕೆ. ದಿಕ್ಕು ಸರಿಯಿದ್ದರೆ ಪಂಪಿನ ಮೇಲೆ ಬೆಲ್ಟ್ ಜಾರುತ್ತಿದೆ ಎಂದರ್ಥ. ಐಡ್ಲರ್ ಹಾಕಿದ ಮೇಲೆ ಅದು ಸರಿಹೋಗಬೇಕು.

ಎಲ್ಲ ಮುಗಿದ ಮೇಲೆ ಫೋನನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಸ್ಲೋ ಮೋಷನ್‌ನಲ್ಲಿ ಬೆಲ್ಟನ್ನು ಚಿತ್ರಿಸಿಕೊಳ್ಳಿ. ಎಂಜಿನ್ನನ್ನು ಏರಿಸಿ ಥಟ್ಟನೆ ಬಿಟ್ಟಾಗ ಯಾವ ಭಾಗ ಅಲುಗುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ. ಆ ಹೊತ್ತಿನಲ್ಲಿ ಬಾನೆಟ್ ತೆರೆದ ಕಾರಿನ ಪಕ್ಕದಲ್ಲಿ, ಬೆಲ್ಟ್ ಸುತ್ತುವ ನೇರಕ್ಕೆ ಯಾರೂ ನಿಲ್ಲಕೂಡದು. ಸೆಕೆಂಡಿಗೆ 63 ಮೀಟರ್ ವೇಗದಲ್ಲಿ ತುಂಡಾಗುವ ಬೆಲ್ಟ್ ಕಣ್ಣು ಕಳೆಯುತ್ತದೆ. ಈ ಎಚ್ಚರಿಕೆಯನ್ನು ಪಾಲಿಸದವರು ಈ ಪರೀಕ್ಷೆಯನ್ನೇ ಮಾಡಬಾರದು.

ಪ್ರಶ್ನೆ: ಎಂಜಿನ್ ಒಳಭಾಗವನ್ನು ಪೂರ್ತಿ ಬ್ಯಾಲೆನ್ಸ್ ಮಾಡಿಸಿರುವುದರಿಂದ ಕ್ರ್ಯಾಂಕಿನ ಭಾರದ ಡ್ಯಾಂಪರ್ ತೆಗೆದು ಹಗುರವಾದ ಅಲ್ಯೂಮಿನಿಯಂ ಪುಲ್ಲಿ ಹಾಕಬಹುದು ಎಂದು ಮೆಕ್ಯಾನಿಕ್ ಹೇಳುತ್ತಾರೆ. ಹಾಕಿಸಲೇ?

ಉತ್ತರ: ಹಾಕಿಸಬೇಡಿ. ಬ್ಯಾಲೆನ್ಸ್ ಮಾಡಿಸಿದರೆ ಡ್ಯಾಂಪರ್ ಬೇಡ ಎಂದು ಹೇಳುವವರು ಎರಡನ್ನೂ ತಿಳಿದವರಲ್ಲ. ಪ್ರತಿ ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಎಷ್ಟೇ ನಿಖರವಾಗಿ ಬ್ಯಾಲೆನ್ಸ್ ಮಾಡಿದರೂ ಈ ತಿರುಚು ಕಂಪನ ಹೋಗುವುದಿಲ್ಲ. ಅದನ್ನು ಹೀರುವುದಕ್ಕೆಂದೇ ಡ್ಯಾಂಪರಿನ ಹೊರಬಳೆ ರಬ್ಬರಿನ ಮೇಲೆ ಕುಳಿತಿರುತ್ತದೆ. ತೆಗೆದ ದಿನವೇ ಏನೂ ಆಗುವುದಿಲ್ಲ, ಅದಕ್ಕೇ ಈ ಸಲಹೆ ಕೊಡುವವರು ಸಿಕ್ಕಿಬೀಳುವುದಿಲ್ಲ. ಮುಂದೊಂದು ದಿನ ಕ್ರ್ಯಾಂಕಿನಿಂದ ನೇರವಾಗಿ ತಿರುಗುವ ಆಯಿಲ್ ಪಂಪಿನ ಗೇರ್ ಒಡೆಯುತ್ತದೆ, ಇಲ್ಲವೇ ಕ್ರ್ಯಾಂಕೇ ಬಿರುಕುಬಿಡುತ್ತದೆ. ಫೋರ್ಡ್ 302, ಶೆವರ್ಲೆ 400 ಮುಂತಾದ ಕೆಲವು ವಿ8 ಎಂಜಿನ್‌ಗಳಲ್ಲಿ ಬ್ಯಾಲೆನ್ಸಿನ ತೂಕದ ಒಂದು ಪಾಲೂ ಡ್ಯಾಂಪರಿನಲ್ಲೇ ಇರುತ್ತದೆ. ತಯಾರಕರೇ ಡ್ಯಾಂಪರ್ ಇಲ್ಲದ ಸಾದಾ ಪುಲ್ಲಿ ಕೊಟ್ಟಿರುವ ಎಂಜಿನ್ ಮಾತ್ರ ಇದಕ್ಕೆ ಹೊರತು. ನಿಮ್ಮ ಡ್ಯಾಂಪರ್ ಹಳೆಯದಾಗಿದ್ದರೆ ನಡುವಿನ ಗುಂಬದಿಂದ ಹೊರಬಳೆಯವರೆಗೆ, ರಬ್ಬರನ್ನು ದಾಟುವಂತೆ, ಬಣ್ಣದ ಒಂದು ಗೆರೆ ಎಳೆಯಿರಿ. ಮುಂದಿನ ರೇಸಿನ ನಂತರ ಗೆರೆ ಮುರಿದು ಎರಡಾಗಿ ಕಂಡರೆ ಹೊರಬಳೆ ಜಾರಿದೆ. ಹೊಸ ಡ್ಯಾಂಪರ್ ಹಾಕಿ.

ಪ್ರಶ್ನೆ: ಈ ಭಾಗಗಳನ್ನೆಲ್ಲ ತೆಗೆದರೆ 20 ಅಶ್ವಶಕ್ತಿ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ಆಲ್ಟರ್ನೇಟರ್ 14 ವೋಲ್ಟಿನಲ್ಲಿ 40 ಆಂಪಿಯರ್ ಕೊಡುತ್ತಿದ್ದರೆ ಅದು 560 ವಾಟ್. ನಷ್ಟವನ್ನೂ ಸೇರಿಸಿದರೆ ಎಂಜಿನ್ನಿನಿಂದ ಪಡೆಯುವುದು ಸುಮಾರು ಒಂದು ಕಿಲೋವಾಟ್, ಅಂದರೆ ಒಂದೂವರೆ ಅಶ್ವಶಕ್ತಿಯೊಳಗೆ. ಸ್ವಿಚ್ ಆಫ್ ಆಗಿರುವ ಎಸಿ ಕಂಪ್ರೆಸರಿನ ಪುಲ್ಲಿ ಸುಮ್ಮನೆ ತಿರುಗುತ್ತದೆ ಅಷ್ಟೆ. ನಿಜವಾದ ಲಾಭ ಕಾರಿನ ಮೂತಿಯ ಭಾರ ಇಳಿಯುವುದು ಮತ್ತು ಸೋರುವ ಹೋಸ್‌ಗಳು ಕಡಿಮೆಯಾಗುವುದು.

ಪ್ರಶ್ನೆ: ಹಾಗಾದರೆ ಆಲ್ಟರ್ನೇಟರನ್ನೇ ತೆಗೆದು ಬ್ಯಾಟರಿಯ ಮೇಲೆ ಓಡಿಸಬಹುದೇ?

ಉತ್ತರ: ಡ್ರ್ಯಾಗ್ ರೇಸಿನಲ್ಲಿ ನಡೆಯುತ್ತದೆ, ಸರ್ಕ್ಯೂಟ್ ರೇಸಿನಲ್ಲಿ ಬೇಡ. ವೋಲ್ಟೇಜ್ ಇಳಿದಂತೆ ಪೆಟ್ರೋಲ್ ಪಂಪ್ ನಿಧಾನವಾಗಿ, ಇಂಜೆಕ್ಟರ್ ತಡವಾಗಿ ತೆರೆದು, ಪೂರ್ಣ ಹೊರೆಯಲ್ಲಿರುವ ಎಂಜಿನ್ನಿಗೇ ಇಂಧನ ಸಾಲದಾಗುತ್ತದೆ, ಪಿಸ್ಟನ್ ಕರಗುತ್ತದೆ. ವಿದ್ಯುತ್ ವಾಟರ್ ಪಂಪ್ ಹಾಕಿಕೊಂಡವರಿಗೆ ಅಪಾಯ ಇನ್ನೂ ಹೆಚ್ಚು.

ಪ್ರಶ್ನೆ: ಜಾರುವ ತಾಪತ್ರಯವೇ ಬೇಡವೆಂದು ಹಲ್ಲಿನ ಬೆಲ್ಟ್ ಹಾಕಿದರೆ?

ಉತ್ತರ: ಎಂಜಿನ್ ಆಯಿಲನ್ನು ಬೇರೆ ಟ್ಯಾಂಕಿನಲ್ಲಿಡುವ ಡ್ರೈ ಸಂಪ್ ವ್ಯವಸ್ಥೆಯ ಪಂಪಿಗೆ ಅದೇ ಸರಿ. ಆಲ್ಟರ್ನೇಟರಿಗೆ ಹಾಕಿದರೆ ಮೇಲೆ ಹೇಳಿದ ಹೊಡೆತ ನೇರವಾಗಿ ಹಲ್ಲುಗಳ ಮೇಲೆ ಬೀಳುತ್ತದೆ. ಅಂಚುಕಟ್ಟಿದ ಪುಲ್ಲಿಯೂ ಕಲ್ಲು ಸಿಕ್ಕದಂತೆ ತಡೆಯುವ ಕವಚವೂ ಬೇಕು. ಪುಲ್ಲಿಗಳ ಓರೆಯನ್ನು ಮುಚ್ಚಿಡಲು ಇದನ್ನು ಬಳಸಬೇಡಿ.

ಪ್ರಶ್ನೆ: ಪವರ್ ಸ್ಟೀರಿಂಗ್ ಪಂಪ್ ತೆಗೆದ ಮೇಲೆ, ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ರ‍್ಯಾಕಿನ ಎರಡು ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸಿದರೆ ಸಾಕೇ?

ಉತ್ತರ: ಸಾಲದು, ಪವರ್ ಸ್ಟೀರಿಂಗ್ ಇಲ್ಲದ ಕಾರಿನ ರ‍್ಯಾಕ್ ಹಾಕಿ, ಇಲ್ಲವೇ ಬಲ್ಲವರ ಕೈಯಲ್ಲಿ ಇದೇ ರ‍್ಯಾಕನ್ನು ಮಾರ್ಪಡಿಸಿ.

ಪ್ರಶ್ನೆ: ಬೆಲ್ಟ್ ಕೀರಲು ಸದ್ದು ಮಾಡಿದಾಗ ಸ್ಪ್ರೇ ಹೊಡೆಯಬಹುದೇ?

ಉತ್ತರ: ಬೇಡ. ಅದು ಧೂಳನ್ನು ಅಂಟಿಸಿಕೊಂಡು ಗ್ರೂವನ್ನು ಸವೆಸುತ್ತದೆ. ಸದ್ದು ಬರುವುದು ಓರೆಯಿಂದ ಅಥವಾ ಸಡಿಲಿನಿಂದ.

ಪ್ರಶ್ನೆ: ಬೆಲ್ಟಿನಲ್ಲಿ ಒಂದೂ ಬಿರುಕಿಲ್ಲ. ಇನ್ನೊಂದು ಸೀಸನ್ ಓಡಿಸಬಹುದಲ್ಲವೇ?

ಉತ್ತರ: ಬಿರುಕು ನೋಡಿ ತೀರ್ಮಾನಿಸುವುದು ಹಳೆಯ ನಿಯೋಪ್ರೀನ್ ಬೆಲ್ಟುಗಳ ಕಾಲಕ್ಕೆ ಸರಿಯಿತ್ತು. ಈಗಿನ ಇಪಿಡಿಎಂ ಎಂಬ ಕೃತಕ ರಬ್ಬರಿನ ಬೆಲ್ಟುಗಳು ಬಿರುಕುಬಿಡದೆ ಟೈರಿನಂತೆ ಸವೆಯುತ್ತವೆ. ರಿಬ್ಬುಗಳ ನಡುವಿನ ಕಣಿವೆ ಅಗಲವಾಗಿ ಬೆಲ್ಟ್ ಗ್ರೂವಿನೊಳಕ್ಕೆ ಇಳಿದು ಕೂರುತ್ತದೆ. ಸವೆತ ಅಳೆಯುವ ಪ್ಲಾಸ್ಟಿಕ್ ಗೇಜಿನಿಂದ ಪರೀಕ್ಷಿಸಿ. ಗೇಜ್ ಇಲ್ಲದಿದ್ದರೆ ಹೊಸ ಬೆಲ್ಟಿನ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಹೇಗೂ ಹೊಸ ಬೆಲ್ಟ್ ಕೈಯಲ್ಲಿದೆಯಾದ್ದರಿಂದ ಅದನ್ನೇ ಹಾಕಿ, ಹಳೆಯದನ್ನು ಟೂಲ್ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ.